ಮಾತು ಕೊಟ್ಟದ್ದು ಯಾವ ಮೊಮ್ಮಗಳಿಗೆ?

ಸಾರಮ್ಮಜ್ಜಿ ನಕ್ಕರೆ ಚಳ್ಳಕೆರೆಯ ನಮ್ಮ ಓಣಿಯ ಕೊನೆಯ ಮನೆಯವರೂ ಕೈಲಿದ್ದ ಕೆಲಸ ಬಿಟ್ಟು, ಏನಾಯಿತೋ ಎಂದು ಹೊರಗೆ ಬರುತ್ತಿದ್ದರು. ಹೊಟ್ಟೆಯಾಳದಿಂದ ಹೊರಟು, ನಡುವೆ ಉಸಿರು ಸಿಕ್ಕಿಕೊಂಡು, ಕೊನೆಗೆ ಕೆಮ್ಮಿನಲ್ಲಿ ಮುಗಿಯುವ ನಗು ಅದು. ಬೆಳಿಗ್ಗೆ ಹುಂಜ ಬಿಡದೆ ಕೂಗಿದರೆ, "ಸಾಕು ಬಿಡಪ್ಪಾ, ಪೇತ್ರ ಆಗ್ಲೇ ಅತ್ತಾಗೈತೆ" ಎಂದು ಅದನ್ನು ಗದರಿ ತಾವೇ ನಗುತ್ತಿದ್ದರು. ಯೇಸು ಯಾರೋ ನನಗೆ ಗೊತ್ತಿಲ್ಲ ಎಂದುಬಿಟ್ಟ ಶಿಷ್ಯ ಪೇತ್ರ, ಕೋಳಿ ಕೂಗಿದ್ದು ಕೇಳಿ ಅತ್ತ ಕಥೆಯನ್ನು ನಮಗೆ ಹೇಳಿದವರೂ ಅವರೇ.

ನಮ್ಮದು ಲಿಂಗಪೂಜೆಯ ಮನೆ. ಆದರೂ ಬೈಬಲಿನ ಅಬ್ರಹಾಮ, ಅವನ ಹೆಂಡತಿ ಸಾರಾ ನನಗೆ ನೆಂಟರಷ್ಟೇ ಪರಿಚಯವಾಗಿದ್ದು ಅಜ್ಜಿಯ ಜಗಲಿಯ ಮೇಲೆ, ಅವರ ಜೊತೆ ಶೇಂಗಾ ಸುಲಿಯುತ್ತಾ. ನಿನಗೆ ಮಗು ಹುಟ್ಟುತ್ತದೆ ಎಂದು ದೇವರು ಹೇಳಿದಾಗ, ತೊಂಬತ್ತರ ಸಾರಾ ಡೇರೆಯ ಮರೆಯಲ್ಲಿ ನಕ್ಕುಬಿಟ್ಟಳಂತೆ. "ನನ್ನ ಹೆಸರಿನೋಳು, ನನ್ನಂಗೇ ಹಲ್ಲುಗಿಂಜಿ" ಎಂದು ಅಜ್ಜಿಗೆ ಅವಳ ಮೇಲೆ ಬಲು ಪ್ರೀತಿ.

ಇಷ್ಟೆಲ್ಲ ಕಥೆ ಬಲ್ಲ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಎಲ್ಲ ಕಿವಿಯಿಂದ ಕಲಿತದ್ದು. ಮನೆಯಲ್ಲಿ ಒಂದು ಹಳೆಯ ಕನ್ನಡ ಬೈಬಲ್ ಇತ್ತು. ಮೊಳಕಾಲ್ಮೂರಿನ ಮಗ್ಗದ ಮನೆಗಳಲ್ಲಿ ರೇಷ್ಮೆ ನೂಲು ಸುತ್ತುತ್ತಿದ್ದ ಅವರ ಅಜ್ಜಿಯದು. ವಂಶದಲ್ಲಿ ಮೊದಲು ಕ್ರೈಸ್ತರಾದವರು ಆಕೆ. ಅವರಿಗೂ ಅಕ್ಷರ ಬಾರದು. ಆದರೆ ಒಂದು ದಿನ ಪ್ರಾರ್ಥನೆಯಿಂದ ಎದ್ದವರೇ, "ನನ್ನ ಮೊಮ್ಮಗಳು ಇದನ್ನ ಸಭೆ ಮುಂದೆ ಓದ್ತಾಳಂತೆ. ದೇವ್ರು ಮಾತು ಕೊಟ್ಟವ್ನೆ" ಎಂದರಂತೆ.

ಸಾರಮ್ಮಜ್ಜಿ ಚಿಕ್ಕಂದಿನಿಂದ ನೂಲಿನ ಕೆಲಸಕ್ಕೇ ಕೂತವರು; ಶಾಲೆಯ ಬಾಗಿಲು ಕಂಡವರಲ್ಲ. ಆ ಮಾತು ತಮ್ಮ ಕೈ ತಪ್ಪಿತು, ದೇವರು ಅದನ್ನು ತಮ್ಮ ಮೊಮ್ಮಗಳ ಮೂಲಕ ನಡೆಸುತ್ತಾನೆ ಎಂದು ನಂಬಿಕೊಂಡಿದ್ದರು. ಮಗಳನ್ನು ಗಡಿಯಾಚೆ ರಾಯದುರ್ಗಕ್ಕೆ ಕೊಟ್ಟಿದ್ದರು. ತೊಂಬತ್ತರ ದಶಕದ ಮೊದಲಲ್ಲಿ ಒಂದು ಬೇಸಿಗೆ, ಅಲ್ಲಿಂದ ಮೊಮ್ಮಗಳು ಗ್ರೇಸಿ ರಜೆಗೆ ಬಂದಳು. ಶಾಲೆಯಲ್ಲಿ ಅವಳೇ ಮೊದಲು ಎಂದು ಸುದ್ದಿ. ಅಜ್ಜಿ ಹೊಸ ಸೀರೆ ಉಟ್ಟು, ನಮ್ಮನ್ನೆಲ್ಲ ಕರೆದು, ಬೈಬಲನ್ನು ಅವಳ ತೊಡೆಯ ಮೇಲಿಟ್ಟರು.

ಹುಡುಗಿ ಪುಟ ತಿರುಗಿಸಿದಳು, ಮತ್ತೆ ತಿರುಗಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಅವ್ವಾ, ನಾಕು ಕನ್ನಡಮ್ ರಾದು."

ಅಜ್ಜೀ, ನನಗೆ ಕನ್ನಡ ಬಾರದು ಎಂದಿದ್ದಳು. ಅವಳು ಓದುತ್ತಿದ್ದದ್ದು ತೆಲುಗು ಶಾಲೆಯಲ್ಲಿ! ನಾವೆಲ್ಲ ಗೊಳ್ಳೆಂದು ನಕ್ಕೆವು. ಅಜ್ಜಿ ನಗಲಿಲ್ಲ. ಅವರು ನಗದೇ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. ಪುಸ್ತಕವನ್ನು ಸೆರಗಿನಿಂದ ಒರೆಸಿ ಒಳಗಿಟ್ಟು ಬಂದರು.

ನಾನಾಗ ಶಿಕ್ಷಕರ ತರಬೇತಿ ಟಿ.ಸಿ.ಎಚ್. ಮುಗಿಸಿ, ಸಂಜೆ ಹೊತ್ತು ವಯಸ್ಕರಿಗೆ ಅಕ್ಷರ ಕಲಿಸುತ್ತಿದ್ದೆ. ಮರುದಿನ ಅಜ್ಜಿಯ ಬಾಡಿದ ಮುಖ ನೋಡಲಾಗದೆ ಕೇಳಿದೆ: "ಅಜ್ಜಿ, ದೇವರು ಮಾತು ಕೊಟ್ಟಿದ್ದು ಯಾರ ಮೊಮ್ಮಗಳ ಬಗ್ಗೆ?"

"ನಮ್ಮಜ್ಜಿ ಮೊಮ್ಮಗಳ ಬಗ್ಗೆ."

"ನಿಮ್ಮಜ್ಜಿ ಮೊಮ್ಮಗಳು ಯಾರ್ರಿ? ಗ್ರೇಸಿನಾ, ನೀವಾ?"

ಅಜ್ಜಿ ನನ್ನನ್ನೇ ನೋಡಿದರು. "ಏ ಹುಡುಗಿ, ಅರವತ್ತು ದಾಟೈತೆ ನಂಗೆ."

"ಡೇರೆಯೊಳಗಿದ್ದೋಳಿಗೆ ತೊಂಬತ್ತಾಗಿತ್ತಲ್ರಿ."

ನಗು ಶುರುವಾಯಿತು ನೋಡಿ. ಉಸಿರು ಸಿಕ್ಕಿಕೊಂಡಿತು, ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು, ಆದರೂ ನಿಲ್ಲಲಿಲ್ಲ. "ನಾನ್ ಹೇಳಿದ್ ಕಥೇನ ನಂಗೇ ತಿರುಗಿಸ್ತೀಯಾ? ತಗಂಬಾ ನಿನ್ ಸ್ಲೇಟು!"

ಕಲಿಸುವುದು ಸುಲಭವಾಗಲಿಲ್ಲ. ಅಜ್ಜಿ ಅಕ್ಷರಗಳ ಜೊತೆ ಜಗಳಕ್ಕೇ ನಿಲ್ಲುತ್ತಿದ್ದರು. "ಈ ‘ಠ’ ಅನ್ನೋನು ಹಣೆಗೆ ಇಡೋ ಬೊಟ್ಟನ್ನ ಹೊಟ್ಟೇಲಿ ಇಟ್ಕಂಡವ್ನಲ್ಲೇ!" ಒತ್ತಕ್ಷರ ಬಂದಾಗಲಂತೂ ಸ್ಲೇಟು ಎಸೆದು, ಕೋಳಿಗೆ ಕಾಳು ಹಾಕುವ ನೆಪದಲ್ಲಿ ಎದ್ದು ಹೋದರು. ಮರುಸಂಜೆ ತಾವೇ ಸ್ಲೇಟು ಒರೆಸಿಕೊಂಡು ಬಂದು ಕೂತರು.

ಮುಂದಿನ ವರ್ಷದ ಕ್ರಿಸ್‌ಮಸ್ ಕಳೆದ ಭಾನುವಾರ, ತಗಡಿನ ಮಾಡಿನ ಅಜ್ಜಿಯ ಪುಟ್ಟ ಚರ್ಚಿನಲ್ಲಿ ನಾನೂ ನನ್ನ ಅವ್ವನೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಪಾಸ್ಟರು ಚಿಕ್ಕದೊಂದು ಭಾಗ ಓದಿದರೆ ಸಾಕು ಎಂದಿದ್ದರಂತೆ. ಅಜ್ಜಿ ಕೇಳಲಿಲ್ಲ; ಸಾರಾಳ ಕಥೆಯೇ ಬೇಕೆಂದರು. ಪದದ ಮೇಲೆ ಬೆರಳಿಟ್ಟು, ಕೂಡಿಸಿ ಕೂಡಿಸಿ ಓದುತ್ತಿದ್ದರು. ಸಾರಾ ನಗುವ ಜಾಗ ಬಂತು. "ನ... ಕ್... ನಕ್ಕಳು" ಎಂದವರೇ ತಲೆ ಎತ್ತಿ ಸಭೆಯನ್ನು ನೋಡಿದರು. ನಗು ತಡೆಯಲಾಗಲಿಲ್ಲ. ಪಾಸ್ಟರೂ ನಕ್ಕರು, ರಾಯದುರ್ಗದಿಂದ ಬಂದಿದ್ದ ಮಗಳು ನಗುತ್ತಲೇ ಅತ್ತಳು. ಅಜ್ಜಿ ಮುಖ ಒರೆಸಿಕೊಂಡು, ಉಳಿದದ್ದನ್ನು ಒಂದಕ್ಷರ ಬಿಡದೆ ಓದಿ ಮುಗಿಸಿದರು.

ಹೊರಗೆ ಬಂದಾಗ ನನ್ನ ಕೈ ಹಿಡಿದುಕೊಂಡರು. "ನಮ್ಮಜ್ಜಿಗೆ ಆ ಮಾತು ಸಿಕ್ಕಾಗ ನಾನಿನ್ನೂ ಹುಟ್ಟಿರ್ಲಿಲ್ಲ ಕಣಮ್ಮ. ಆ ದೇವ್ರಿಗೆ ಮಾತ್ರ ನಾನು ಗೊತ್ತಿದ್ದೆ."

ಕೆಲವು ವರ್ಷಗಳ ಮೇಲೆ ಅಜ್ಜಿ ಮಗಳ ಮನೆಯಲ್ಲೇ ಇರಲು ಹೊರಟರು. ನಾನೇ ಬಸ್ ಸ್ಟ್ಯಾಂಡಿಗೆ ಬಿಟ್ಟುಬಂದೆ. "ಅಲ್ಲಿ ಬೋರ್ಡೆಲ್ಲಾ ತೆಲುಗು, ಏನ್ ಮಾಡ್ತೀರಿ?" ಎಂದು ರೇಗಿಸಿದೆ. "ಕಲೀತೀನಿ. ಗ್ರೇಸಿ ಹೇಳಿಕೊಡ್ತಾಳಂತೆ" ಎಂದರು. "ಅದಕ್ಕೂ ದೇವರು ಮಾತು ಕೊಟ್ಟವ್ನೇನ್ರಿ?" ಎಂದರೆ, "ಇಲ್ಲ, ಇದು ನಂದೇ ಆಸೆ" ಎಂದು ಬಸ್ಸು ಹತ್ತಿದರು.

ಮತ್ತೆ ಅವರನ್ನು ನೋಡಲಾಗಲಿಲ್ಲ. ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ಹೇಳಿದವಳು ಗ್ರೇಸಿ, ಅವಳಿಗೆ ಬರುವಷ್ಟು ಕನ್ನಡದಲ್ಲಿ. ಅಜ್ಜಿ ತೆಲುಗು ಅಕ್ಷರ ಅರ್ಧ ಕಲಿತಿದ್ದರು ಎಂದಳು. ಉಳಿದರ್ಧ ಯಾವಾಗ ಕಲೀತೀಯಾ ಎಂದು ಕೊನೆಯ ವಾರ ಇವಳು ಕೇಳಿದ್ದಳಂತೆ.

"ಮೇಲೆ ಹೋದ್ಮೇಲೆ ಕಲೀತೀನಿ. ಅಲ್ಲೂ ತೆಲುಗಿನೋರು ಇರ್ತಾರೆ ಬಿಡು" ಎಂದು ನಕ್ಕರಂತೆ.