ಒಂದು ಲಕ್ಷ ನಂಬರಿನ ಕಳ್ಳ

ನಮ್ಮ ಕಣ್ಣಾಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ನನ್ನ ಅಕ್ಕನ ಗಂಡ. ಅನುಮಾನದ ಪಿಂಡ ಅಂದರೆ ಅವರೇ. ಊಟದ ಡಬ್ಬಿಗೂ ಬೀಗ ಹಾಕುತ್ತಾರೆ. ಬೀಗದ ಕೈ ಮರೆತು ಎಷ್ಟು ದಿನ ಉಪವಾಸ ಬಿದ್ದಿದ್ದಾರೋ! ಹೋದ ಭಾನುವಾರ ಒಬ್ಬರೇ ಕೂತು, ನಾನು ಕೌಂಟರಿನಲ್ಲಿ ರೋಗಿಗಳಿಗೆ ಟೋಕನ್ ಕೊಡುವ ಪ್ರೋಗ್ರಾಮನ್ನು ಬೇರೆ ಯಾವುದರ ಗಾಳಿಯೂ ಸೋಕದಂತೆ ಕಂಪ್ಯೂಟರಿನೊಳಗೇ ಒಂದು ಪ್ರತ್ಯೇಕ ಕೋಣೆ ಮಾಡಿ ಕೂಡಿಹಾಕಿದರು.

ಸೋಮವಾರ ಬೆಳಿಗ್ಗೆ ಕೌಂಟರಿನ ಮುಂದೆ ನಲವತ್ತು ಜನ. ಎಲ್ಲರಿಗಿಂತ ಮುಂದಿದ್ದ ಅಜ್ಜಿ ಪೊರೆಯ ಡಾಕ್ಟರಿಗೆ ಕಣ್ಣು ತೋರಿಸಬೇಕು. ಆ ಡಾಕ್ಟರು ಬರುವುದು ತಿಂಗಳಿಗೊಮ್ಮೆ, ಹನ್ನೆರಡಕ್ಕೆ ಎದ್ದು ಹೋಗುತ್ತಾರೆ. ಟೋಕನ್ ಇಲ್ಲದೆ ಒಳಗೆ ಬಿಡುವುದಿಲ್ಲ. ನನ್ನ ಸ್ಕ್ರೀನೋ, ಹೊತ್ತಿಕೊಳ್ಳುತ್ತದೆ, ಚೀಟಿ ಬರುವ ಮೊದಲೇ ಆರಿಹೋಗುತ್ತದೆ.

ಹಿಂದಿನ ರೂಮಿನಿಂದ ಭಾವನ ಕೂಗು. "ಕಳ್ಳ ಸಿಕ್ಕ ಕಣೇ! ಯಾರೋ ಕಂಪ್ಯೂಟರಿನೊಳಗೆ ನುಗ್ಗಿ ಏನೋ ಓಡಿಸ್ತಿದಾನೆ. ಹೆಸರಿಲ್ಲ, ಊರಿಲ್ಲ, ನಂಬರ್ ಮಾತ್ರ ಒಂದು ಲಕ್ಷ! ಕೊಂದುಬಿಟ್ಟೆ!"

"ಇಲ್ಲಿ ಸ್ಕ್ರೀನ್ ಹೋಯ್ತು ಭಾವ!"

"ಅವನದೇ ಕಿತಾಪತಿ!" ಕಾಲು ಗಂಟೆ ಬಿಟ್ಟು ಸ್ಕ್ರೀನ್ ಹೊತ್ತಿಕೊಂಡಿತು, ಹಿಂದೆಯೇ ಮತ್ತೆ ಕೂಗು. "ಅಯ್ಯೋ, ಮತ್ತೆ ಎದ್ದು ಬಂದ ನೋಡು, ಮಾನಗೆಟ್ಟವನು!"

ಹೀಗೆ ಏಳು ಸಲ. ಕ್ಯೂನಲ್ಲಿದ್ದವರಿಗೂ ಆವೇಶ ಬಂತು. "ಬಿಡಬೇಡಿ ಸಾರ್, ಹಿಡಿದು ನಾಲ್ಕು ಬಾರಿಸಿ!" ಎಂದ ಒಬ್ಬ. ಅಜ್ಜಿಯಂತೂ, "ಧೈರ್ಯವಂತ ಕಣಮ್ಮ, ನೂರು ವರ್ಷ ಬಾಳಲಿ" ಎಂದು ಹರಸಿದರು. ಗಂಟೆ ಹನ್ನೊಂದೂವರೆ. ಆ ಮುದುಕಿ ಇನ್ನೊಂದು ತಿಂಗಳು ಹಾಗೇ ತಡಕಾಡಬೇಕಲ್ಲ ಎಂದು ನನಗೆ ಅಳುವೇ ಬಂತು.

ಎಂಟನೆಯ ಸಲ ಭಾವ "ಸತ್ತ!" ಎನ್ನುವುದಕ್ಕೂ ಸ್ಕ್ರೀನ್ ಕಪ್ಪಾಗುವುದಕ್ಕೂ ಸರಿಹೋಯಿತು. ಕುರ್ಚಿ ತಳ್ಳಿ ಒಳಗೆ ನುಗ್ಗಿದೆ. "ಕೀಬೋರ್ಡ್ ಬಿಡಿ ಭಾವ! ನೀವು ಅವನನ್ನ ಕೊಂದಾಗಲೆಲ್ಲ ನನ್ನ ಟೋಕನ್ನೇ ಸಾಯ್ತಿದೆ!"

ಭಾವ ಭಾನುವಾರ ತಾವೇ ಬರೆದಿಟ್ಟ ನಂಬರ್ ಪಟ್ಟಿ ತೆರೆದರು. ಮುಖ ಇಂಗು ತಿಂದ ಮಂಗನ ಹಾಗಾಯಿತು. ಕಂಪ್ಯೂಟರಿನಲ್ಲಿ ಓಡುವ ಪ್ರತಿಯೊಂದಕ್ಕೂ ಒಬ್ಬ ಯಜಮಾನ, ಅವನಿಗೊಂದು ನಂಬರ್. ಟೋಕನ್ನಿನ ಯಜಮಾನನಿಗೆ ಕೋಣೆಯ ಒಳಗೆ ಸೊನ್ನೆ, ಅಂದರೆ ಸರ್ವಾಧಿಕಾರ. ಹೊರಗಿನಿಂದ ನೋಡಿದರೆ ಅವನೇ ಒಂದು ಲಕ್ಷ. ಅಪ್ಪಿತಪ್ಪಿ ಹೊರಬಿದ್ದರೂ ಅವನ ಯಜಮಾನಿಕೆ ನಡೆಯದಿರಲಿ ಎಂದು ಆ ನಂಬರ್ ಕೊಟ್ಟವರು ಸಾಕ್ಷಾತ್ ಇವರೇ. ಸತ್ತಾಗಲೆಲ್ಲ ತಾನಾಗಿ ಏಳುವಂತೆ ಮಾಡಿದ್ದೂ ಇವರೇ.

"ನಮ್ಮ ಟೋಕನ್ನೇ ಕಣೇ ಅದು" ಎಂದರು, ಸಣ್ಣ ದನಿಯಲ್ಲಿ.

ಭಾವ ಕೈಕಟ್ಟಿ ಕೂತರು. ಸ್ಕ್ರೀನ್ ತಾನಾಗಿ ಎದ್ದಿತು, ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಮೊದಲ ಚೀಟಿ ಬಂತು. ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಭಾವನೇ ಹೊರಗೆ ಹೋದರು.

"ಅಜ್ಜಿ, ಕಳ್ಳ ಗಿಳ್ಳ ಯಾರೂ ಇರಲಿಲ್ಲ. ಬೆಳಿಗ್ಗೆಯಿಂದ ನಿಮ್ಮನ್ನ ನಿಲ್ಲಿಸಿದ್ದು ನಾನೇ. ತಪ್ಪಾಯ್ತು."

ಅಜ್ಜಿ ಚೀಟಿ ಕಿತ್ತುಕೊಂಡು, ಗೋಡೆ ಹಿಡಿದು ಡಾಕ್ಟರ ಬಾಗಿಲ ಕಡೆ ಹೊರಟೇಬಿಟ್ಟರು. "ಮೊದಲು ಕಣ್ಣು ತೋರಿಸ್ಕೊಂಡು ಬರ್ತೀನಿ ತಡಿ. ಆಮೇಲೆ ನಿನ್ನ ಮುಖ ಸರಿಯಾಗಿ ನೋಡಿ ಬೈತೀನಿ. ಎಲ್ಲೂ ಹೋಗ್ಬೇಡ!"

ಭಾವ ಅಲ್ಲಿಂದ ಕದಲಲಿಲ್ಲ.