ಹುಳುಮನೆ ಸುಣ್ಣ, ಗೋಲ್‌ಕೀಪರಿನ ಕೈ

“ನನ್ನ ಮಗಳ ಕೈಗೆ ಬಿದ್ದಿದ್ದು ಜಾರಿದ್ದನ್ನ ಕಂಡೋನು ಈ ಸೀಮೇಲಿ ಇನ್ನೂ ಹುಟ್ಟಿಲ್ಲ. ಸಿಡಿಲು ಬಿದ್ರೂ ಹಿಡ್ಕಂಡು ಪಕ್ಕಕ್ಕಿಡ್ತಾಳೆ!”

ರತ್ನಗಿರಿಯ ದೊಡ್ಡತಿಮ್ಮಪ್ಪ ಈ ಮಾತು ಹೇಳಿದ್ದು ಬೆಂಗಳೂರು ಬಸ್ಸಿನಲ್ಲಿ. ಮಡಕಶಿರಾ ದಾಟುವ ಹೊತ್ತಿಗೆ ಅದು ಕಂಡಕ್ಟರಿಗೆ ಬಾಯಿಪಾಠವಾಗಿತ್ತು. ಮಧುಗಿರಿ ಬರುವಷ್ಟರಲ್ಲಿ ಹಿಂದಿನ ಸೀಟಿನ ಕೆಳಗಿದ್ದ ಕೋಳಿಗಳಿಗೂ.

ಪೂರಾ ಸುಳ್ಳೇನಲ್ಲ. ಸಂಧ್ಯಾ ಬೆಳೆದದ್ದು ರೇಷ್ಮೆ ಹುಳು ಸಾಕುವ ಮನೆಯಲ್ಲಿ. ಗಾಡಿಯ ಮೇಲಿಂದ ಅಪ್ಪ ಹಿಪ್ಪುನೇರಳೆ ಸೊಪ್ಪಿನ ಹೊರೆ ಎಸೆಯುತ್ತಿದ್ದ. ಒಂದೂ ನೆಲ ಮುಟ್ಟದಂತೆ ಇವಳು ಹಿಡಿಯುತ್ತಿದ್ದಳು. ಮಣ್ಣು ಮೆತ್ತಿದ ಸೊಪ್ಪು ಹುಳುವಿಗೆ ಆಗದಲ್ಲ! ಒಂದೊಂದು ಹೊರೆಯೂ ರತ್ನಗಿರಿ ಕೋಟೆಯ ಬುರುಜಿನಷ್ಟಿತ್ತಂತೆ. ಬುರುಜು ನೋಡಿದವರು ಈ ಮಾತಿನಲ್ಲಿ ಮುಕ್ಕಾಲು ಪಾಲು ಕಳೆದು ಲೆಕ್ಕ ಹಾಕಲಿ.

ಆ ಕೈಗಳನ್ನು ಗೋಲಿನ ಮುಂದೆ ನಿಲ್ಲಿಸಿದವರು, ರಾಯದುರ್ಗದಿಂದ ಮಡಕಶಿರಾ ಹೈಸ್ಕೂಲಿಗೆ ವರ್ಗವಾಗಿ ಬಂದ ಆಟದ ಟೀಚರ್ ಬಸವರಾಜೇಶ್ವರಿ. ಅಲ್ಲಿಂದ ಜಿಲ್ಲೆ, ರಾಜ್ಯ, ಕೊನೆಗೆ ಹೆಣ್ಣುಮಕ್ಕಳ ರಾಷ್ಟ್ರೀಯ ಫುಟ್‌ಬಾಲ್ ಲೀಗು. ಲೀಗಿಗೆ ಅದು ಎರಡನೇ ವರ್ಷ. ಗ್ಯಾಲರಿಯಲ್ಲಿ ಜನಕ್ಕಿಂತ ಪಾರಿವಾಳಗಳೇ ಹೆಚ್ಚು. ಬೆಂಗಳೂರಿನ ತಂಡವೊಂದರಲ್ಲಿ ಸಂಧ್ಯಾ ಬೆಂಚು ಕಾಯುತ್ತಿದ್ದಳು. ಇನ್ನಷ್ಟು ದಿನ ಕೂತಿದ್ದರೆ ಬೆಂಚು ಚಿಗುರುತ್ತಿತ್ತು. ಅಷ್ಟರಲ್ಲಿ ಮುಖ್ಯ ಗೋಲ್‌ಕೀಪರಿನ ಬೆರಳು ಮುರಿಯಿತು.

“ಇದೊಂದು ಮ್ಯಾಚ್ ಆಡಿ ತೋರಿಸು. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ಕರೆಸ್ತೀವಿ,” ಎಂದರು ತಂಡದ ಕೋಚ್.

ಅದಕ್ಕೇ ಅಪ್ಪನೂ ಟೀಚರೂ ಬಸ್ಸು ಹತ್ತಿದ್ದು.

ಆಟಕ್ಕೆ ಮುಂಚೆ ಬೇಲಿಯ ಬಳಿ ಮಗಳು ಸಿಕ್ಕಾಗ ದೊಡ್ಡತಿಮ್ಮಪ್ಪ ಅವಳ ಗ್ಲೌಸು ಮುಟ್ಟಿ ನೋಡಿದ. “ಒದ್ದೆ ಐತಲ್ಲೇ ಸಂಧ್ಯಮ್ಮ. ಒಡ್ಡು ಇಲ್ಲಿ.” ಟವೆಲ್ಲಿನ ಗಂಟು ಬಿಚ್ಚಿದ. ಒಳಗೆ ಸುಣ್ಣದ ಪುಡಿ. ಹುಳುಗಳು ಪೊರೆ ಬಿಡುವಾಗ ಅವುಗಳ ಸೊಪ್ಪಿನ ಹಾಸಿಗೆ ಒಣಗಿರಲೆಂದು ಉದುರಿಸುವಂಥದ್ದು. ಸಂಧ್ಯಾ ಹಿಂದೆಮುಂದೆ ನೋಡದೆ ಕೈ ಒಡ್ಡಿದಳು. ಅವರ ಮನೆಯಲ್ಲಿ ಎಲ್ಲ ಒದ್ದೆಗೂ ಅದೇ ಮದ್ದು.

ಆಟ ಶುರುವಾದ ಮೇಲೆ ಮಳೆ ಹನಿಯಿತು. ಗ್ಲೌಸಿನ ಮೇಲಿನ ಸುಣ್ಣ ಕಲಸಿಕೊಂಡು ಬೆಣ್ಣೆಯಾಯಿತು. ಅಜ್ಜಿಯೊಬ್ಬಳು ನಿಂಬೆಹಣ್ಣು ಉರುಳಿಸಿದಂತೆ ಬಂದ ಚೆಂಡು ಅವಳ ಎರಡೂ ಕೈಯಿಂದ ನುಣುಚಿ, ಆತುರವೇ ಇಲ್ಲದೆ ಗೆರೆ ದಾಟಿತು.

“ಯಾಕವ್ವಾ, ಏನಾತು?” ಬಸವರಾಜೇಶ್ವರಿ ಕೂಗಿದರು. ಸಂಧ್ಯಾ ಬೆಳ್ಳಗೆ ಮೆತ್ತಿಕೊಂಡ ಕೈ ತೋರಿಸಿದಳು. ಟೀಚರು ಪಕ್ಕಕ್ಕೆ ತಿರುಗಿದರು. “ಏನ್ರೀ ತಿಮ್ಮಪ್ಪನವ್ರ, ಮಗಳನ್ನ ಆಡಾಕ ಕಳ್ಸೀರೋ, ಗ್ವಾಡಿಗೆ ಸುಣ್ಣ ಬಳಿಯಾಕ ಕಳ್ಸೀರೋ?”

ಸಿಡಿಲು ಹಿಡಿಯುವವಳ ಅಪ್ಪ ಟವೆಲ್ಲಿನೊಳಗೆ ಮುಖ ಅಡಗಿಸಿದ. ಮುಖವೂ ಬೆಳ್ಳಗಾಯಿತು.

ಸಂಧ್ಯಾಳ ಕಣ್ಣ ಮುಂದೆ ಊರಿನ ಬಸ್ಸು ಬಂದು ನಿಂತಂತಾಯಿತು. ಬೆಂಚಿನ ಬಳಿ ಕೋಚ್ ಎದ್ದು ನಿಂತಿದ್ದರು. ಅವಳು ಗ್ಲೌಸು ಕಿತ್ತು ಬಲೆಯ ಹಿಂದೆ ಎಸೆದಳು, ಹುಲ್ಲಿಗೆ ಅಂಗೈ ಉಜ್ಜಿದಳು. ಸೊಪ್ಪಿನ ಹೊರೆಯನ್ನು ಎಂದಾದರೂ ಗ್ಲೌಸು ಹಾಕಿ ಹಿಡಿದದ್ದುಂಟೆ?

ಆಮೇಲೆ ಬಂದ ಚೆಂಡುಗಳೆಲ್ಲ ಬರಿಗೈಗೆ ಬಂದು ಕೂತವು. ದ್ವಿತೀಯಾರ್ಧದಲ್ಲಿ ಅವಳ ತಂಡವೂ ಒಂದು ಗೋಲು ಹೊಡೆದು ಸಮ ಮಾಡಿತು. ಆಟ ಮುಗಿಯುತ್ತ ಬಂದಾಗ ಎದುರಿನವರಿಗೆ ಪೆನಾಲ್ಟಿ ಸಿಕ್ಕಿತು. ಸಂಧ್ಯಾ ಚೆಂಡನ್ನು ನೋಡಲಿಲ್ಲ. ಒದೆಯುವವಳ ಭುಜ ನೋಡಿದಳು. ಗಾಡಿಯ ಮೇಲೆ ಅಪ್ಪನ ಭುಜ ವಾಲಿದ ಕಡೆಗೇ ಹೊರೆ ಬೀಳುತ್ತಿತ್ತು. ಎಡ ಭುಜ ಇಷ್ಟೇ ಇಷ್ಟು ಇಳಿಯಿತು. ಸಂಧ್ಯಾ ಆ ಕಡೆಗೇ ಹಾರಿದಳು. ಕೆಳಗೆ ಬಿದ್ದದ್ದು ಅವಳು ಮಾತ್ರ. ಚೆಂಡು ನೆಲ ಮುಟ್ಟದೆ ಎದೆಯ ಮೇಲಿತ್ತು. ಪಾರಿವಾಳಗಳೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದವು.

“ಮುಂದಿನ ಮ್ಯಾಚಿಗೂ ನೀನೇ,” ಎಂದರು ಕೋಚ್. “ಗ್ಲೌಸ್ ಮಾತ್ರ ಹೊಸದು.”

ಅವಳು ಹೊರಗೆ ಬರುವಷ್ಟರಲ್ಲಿ ದೊಡ್ಡತಿಮ್ಮಪ್ಪ ಮುಖ ಒರೆಸಿಕೊಂಡು ಕಡಲೆಕಾಯಿ ಮಾರುವವನನ್ನು ಹಿಡಿದುಕೊಂಡಿದ್ದ. “ಆ ಹಿಡಿತ ಎಲ್ಲಿಂದ ಬಂತು ಅಂದ್ಕಂಡೆ? ಎಲ್ಲಾ ನಮ್ಮ ಹುಳುಮನೆ ಸುಣ್ಣದ ಮಹಿಮೆ ಕಣಯ್ಯ!”

ಸಂಧ್ಯಾ ಅಪ್ಪನ ಕೈಯಿಂದ ನಾಲ್ಕು ಕಡಲೆಕಾಯಿ ಎತ್ತಿಕೊಂಡಳು.

“ಅಷ್ಟೊಂದು ಮಹಿಮೆ ಐತೆ ಅಂದ್ರೆ ಮುಂದಿನ ಸಲ ಒಂದು ಮೂಟೆನೇ ತಗಂಬಾ ಅಪ್ಪಾ. ಎದುರು ಟೀಮಿನ ಗೋಲ್‌ಕೀಪರಿಗೆ ಬಳೀವಂತೆ!”