ನಾಲ್ಕು ಮನೆಗೆ ಒಂದೇ ಚೀಟಿ

ಗೋಂದು ಎಂಬ ಪದಾರ್ಥದ ಸ್ವಭಾವವೇ ವಿಚಿತ್ರ. ಯಾವುದನ್ನು ಅಂಟಿಸಬೇಕೆಂದು ನಾವು ಹಂಬಲಿಸುತ್ತೇವೋ ಅದೊಂದನ್ನು ಬಿಟ್ಟು ಉಳಿದ ಸಮಸ್ತ ಚರಾಚರಗಳಿಗೂ ಅದು ಪರಮನಿಷ್ಠೆಯಿಂದ ಅಂಟಿಕೊಳ್ಳುತ್ತದೆ. ಕಳೆದ ಮೇ ತಿಂಗಳಿಡೀ ನಾನು ಡೊಂಬಿವಲಿಯಿಂದ ಕಲ್ಯಾಣಕ್ಕೆ ಹೋಗುವ ಲೋಕಲಿನಲ್ಲಿ ಕೂತು ಬೆರಳುಗಳಿಂದ ಒಣಗಿದ ಗೋಂದಿನ ಪೊರೆ ಸುಲಿಯುತ್ತಿದ್ದೆ. ನಡುವೆ ಇರುವುದು ಒಂದೇ ನಿಲ್ದಾಣವಾದ್ದರಿಂದ ಒಂದು ಕೈ ಶುದ್ಧವಾಗುವಷ್ಟರಲ್ಲಿ ಇಳಿಯುವ ಹೊತ್ತು ಬರುತ್ತಿತ್ತು. ಒಮ್ಮೆ ಎದುರಿಗೆ ಕೂತಿದ್ದ ತಾಯಿಯೊಬ್ಬಳು ನನ್ನ ಕೈಯಿಂದ ಚಕ್ಕೆಚಕ್ಕೆಯಾಗಿ ಉದುರುವುದನ್ನು ಕಂಡು ತನ್ನ ಮಗುವನ್ನು ಸರಕ್ಕನೆ ಬಳಿಗೆಳೆದುಕೊಂಡಳು. ಇದು ಚರ್ಮರೋಗವಲ್ಲ ತಾಯಿ, ಕರಕುಶಲ ಕಲೆ ಎಂದು ಹೇಳಬೇಕೆನ್ನಿಸಿತು. ಆದರೆ ನನ್ನ ಮಟ್ಟಿಗೆ ಎರಡರ ನಡುವಿನ ಅಂತರ ಬಹಳವೇನಿಲ್ಲವೆಂಬುದು ನೆನಪಾಗಿ ಸುಮ್ಮನಾದೆ.

ನಾನು ವಿಮಾ ಕಚೇರಿಯೊಂದರಲ್ಲಿ ಬದುಕಿಡೀ ಕಾಗದ ಹಿಡಿದವನು. ಹಿಡಿದದ್ದಷ್ಟೇ, ಕತ್ತರಿಸಿ, ಮಡಚಿ, ಅಂಟಿಸಿ ಅದರಿಂದ ಇನ್ನೊಂದು ವಸ್ತುವನ್ನು ಸೃಷ್ಟಿಸಬಹುದೆಂಬ ಕಲ್ಪನೆ ನನಗಾಗಲಿ ನನ್ನ ಮೇಲಧಿಕಾರಿಗಳಿಗಾಗಲಿ ಎಂದೂ ಬಂದಿರಲಿಲ್ಲ. ಇಂಥವನು ಕರಕುಶಲ ಕಲೆಯ ಮೇಷ್ಟ್ರಾದದ್ದು ಹೆಂಡತಿ ವಾರಿಜಳ ಕೃಪೆಯಿಂದ. ಪ್ರತಿ ಬೇಸಗೆಯಲ್ಲೂ ಡೊಂಬಿವಲಿಯ ಶಾಲೆಯೊಂದರ ಕೋಣೆಯನ್ನು ಎರವಲು ಪಡೆದು ನಮ್ಮ ಕಡೆಯವರ ಮಕ್ಕಳಿಗೆ ಕನ್ನಡ ಕಲಿಸುವ ತರಗತಿ ನಡೆಯುತ್ತದೆ. ಅಕ್ಷರ ಮತ್ತು ಹಾಡು ವಾರಿಜಳದ್ದು. ಈ ಸಲ ಕೈಕೆಲಸ ಕಲಿಸುವವರು ಸಿಗಲಿಲ್ಲವಾಗಿ, "ನಮ್ಮನೆಯವರು ಇದ್ದಾರಲ್ಲ, ಹೇಗೂ ನಿವೃತ್ತರು" ಎಂದು ಅವಳು ನನ್ನನ್ನು ದಾನ ಮಾಡಿ ಬಂದಳು. ನಿವೃತ್ತಿಯೇ ನನ್ನ ಏಕೈಕ ಅರ್ಹತೆಯಾಗಿತ್ತು.

ಮೊದಲ ದಿನ ನಾನು ಕಪ್ಪುಹಲಗೆಯ ಮೇಲೆ ಇಳಿಜಾರು ಹೆಂಚಿನ ಮಾಡು, ನಡುವೆ ಬಾಗಿಲು, ಎರಡು ಕಿಟಕಿ, ಪಕ್ಕದಲ್ಲೊಂದು ತೆಂಗಿನಮರ ಬಿಡಿಸಿ ಕೆಳಗೆ ದಪ್ಪಕ್ಷರದಲ್ಲಿ 'ಮನೆ' ಎಂದು ಬರೆದೆ. ಇದನ್ನು ರಟ್ಟಿನಲ್ಲಿ ಮಾಡೋಣ ಎಂದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಎಂಟು ವರ್ಷದ ಸೃಷ್ಟಿ ಎದ್ದು ನಿಂತಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ ಅವಳಿಗೆ, ಉತ್ತರ ಮಾತ್ರ ಹಿಂದಿಯಲ್ಲೇ ಬರುತ್ತದೆ. "ಸರ್, ಯೇ ತೋ ಬಂಗ್ಲಾ ಹೈ. ಘರ್ ಐಸಾ ನಹೀ ಹೋತಾ" ಎಂದಳು. ಇದು ಬಂಗಲೆಯಂತೆ, ಮನೆ ಹೀಗಿರುವುದಿಲ್ಲವಂತೆ.

ಮನೆ ಹೇಗಿರುತ್ತದೆಂದು ಮರುದಿನ ಅವಳೇ ತೋರಿಸಿದಳು. ಚಪ್ಪಲಿ ಕೊಂಡಾಗ ಬರುವ ರಟ್ಟಿನ ಡಬ್ಬಿ. ಅದಕ್ಕೊಂದು ಬಾಗಿಲು, ಬಾಗಿಲಿನ ಮುಂದೆ ಐಸ್‌ಕ್ರೀಂ ಕಡ್ಡಿಗಳ ಸರಳಿನ ಇನ್ನೊಂದು ಬಾಗಿಲು, ಹಿಡಿಕೆಯಲ್ಲಿ ಹಾಲಿನ ಪೊಟ್ಟಣಕ್ಕೆ ತೂಗುಹಾಕಿದ ಪುಟಾಣಿ ಚೀಲ, ಬಾಗಿಲಿಗಿಂತ ದೊಡ್ಡದಾದ ಹೆಸರಿನ ಫಲಕ. ಎಲ್ಲ ಇತ್ತು, ಮಾಡು ಮಾತ್ರ ಇರಲಿಲ್ಲ. ಮಾಡೆಲ್ಲಿ ಎಂದು ಕೇಳಿದೆ. ಇಷ್ಟು ತಿಳಿಯದವನು ಮೇಷ್ಟ್ರು ಹೇಗಾದ ಎಂಬಂತೆ ನನ್ನನ್ನು ನೋಡಿ, "ಊಪರ್ ತೋ ದೂಸ್ರೇ ಲೋಗ್ ರಹತೇ ಹೈ ನಾ" ಎಂದಳು. ಮೇಲೆ ಬೇರೆಯವರಿರುತ್ತಾರೆ! ನಾನು ಹಲಗೆಯ ಮೇಲಿನ ಹೆಂಚನ್ನೂ ತೆಂಗಿನಮರವನ್ನೂ ಒರೆಸಿಬಿಟ್ಟೆ. ಇಪ್ಪತ್ತೇಳು ವರ್ಷ ಡೊಂಬಿವಲಿಯ ಕಟ್ಟಡವೊಂದರಲ್ಲಿ ಬಾಳಿದ ನನ್ನ ತಲೆಯ ಮೇಲೂ ಯಾವತ್ತೂ ಸ್ವಂತ ಮಾಡು ಇರಲಿಲ್ಲವೆಂಬುದು ಆಗಷ್ಟೇ ನನಗೆ ಹೊಳೆಯಿತು.

ಆ ಕಟ್ಟಡದ ಬಗ್ಗೆ ಹೇಳಬೇಕು. ನೆಲಮಹಡಿ ಸೇರಿ ನಾಲ್ಕು ಅಂತಸ್ತು, ಅಂತಸ್ತಿಗೆ ನಾಲ್ಕು ಮನೆ, ಮನೆಗಳ ಮುಂದೆ ಉದ್ದಕ್ಕೂ ಒಂದೇ ಗ್ಯಾಲರಿ. ಎರಡನೆಯ ಅಂತಸ್ತಿನಲ್ಲಿ ನಾವು, ಪಕ್ಕದಲ್ಲಿ ವಿಜಯಪುರದ ಕಡೆಯ ಗೌಂಡಿ ಮಲ್ಲಪ್ಪ, ಆಚೆಗೆ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಮರಾಠಿ ಹಿರಿಯಾಕೆ ಜೋಶಿ ಕಾಕು, ಕೊನೆಗೆ ರೈಲ್ವೆಯ ನಾಯರ್. ಸೃಷ್ಟಿ ಈ ಮಲ್ಲಪ್ಪನ ಮೊಮ್ಮಗಳು. ನಮ್ಮ ಗ್ಯಾಲರಿಯಲ್ಲಿ ಬಾಗಿಲು ಹಾಕುತ್ತಿದ್ದದ್ದು ಊರಿಗೆ ಹೋಗುವಾಗ ಮಾತ್ರ. ವಾರಿಜಳ ಸಾರು ಮಲ್ಲಪ್ಪನ ಮನೆಗೆ ಹೋಗಿ, ಅದೇ ಬಟ್ಟಲಿನಲ್ಲಿ ಅವನ ಹೆಂಡತಿ ನೀಲವ್ವನವರ ಶೇಂಗಾ ಚಟ್ನಿಯಾಗಿ ಹಿಂದಿರುಗುತ್ತಿತ್ತು. ಯಾವ ಬಟ್ಟಲು ಮೂಲತಃ ಯಾರದ್ದೆಂಬುದನ್ನು ನಿರ್ಧರಿಸುವ ಶಕ್ತಿ ಯಾವ ನ್ಯಾಯಾಲಯಕ್ಕೂ ಇರಲಿಲ್ಲ.

ಕಟ್ಟಡ ಹಳತಾಯಿತು, ಬೀಮುಗಳಲ್ಲಿ ಬಿರುಕು ಬಿಟ್ಟಿತು. ಅದನ್ನು ಕೆಡವಿ ಹೊಸದು ಕಟ್ಟುವುದೆಂದು ಕಟ್ಟಡದವರ ಸೊಸೈಟಿಯಲ್ಲಿ ತೀರ್ಮಾನವಾಯಿತು. ಹೊಸತು ಏಳುವವರೆಗೆ ಬಾಡಿಗೆ ಮನೆ ನೋಡಿಕೊಳ್ಳಬೇಕಾಗಿ ನಾವು ಕಲ್ಯಾಣಕ್ಕೆ, ನಾಯರ್ ತನ್ನ ಮಗ ಕೆಲಸ ಮಾಡುವ ರಬಾಳೆಯ ಹತ್ತಿರಕ್ಕೆ, ಕಾಕು ಠಾಣೆಯ ಮಗಳ ಮನೆಗೆ ಚದುರಿದೆವು. ಮಲ್ಲಪ್ಪನೊಬ್ಬನೇ ಡೊಂಬಿವಲಿಯಲ್ಲಿ ಉಳಿದ. ಕಲ್ಯಾಣದ ನಮ್ಮ ಬಾಡಿಗೆ ಮನೆಯಲ್ಲಿ ಎರಡು ವರ್ಷವಾದರೂ ಎದುರು ಬಾಗಿಲಿನವರ ಮುಖ ನಾನು ಸರಿಯಾಗಿ ಕಂಡಿಲ್ಲ; ಅವರು ತರಿಸಿಕೊಳ್ಳುವ ಪೊಟ್ಟಣಗಳ ಮೇಲಿನ ಹೆಸರು ಮಾತ್ರ ಗೊತ್ತು. ವಾರಿಜ ಆ ಎರಡು ವರ್ಷದಲ್ಲಿ ಸಾರನ್ನು ಕಡಿಮೆ ಮಾಡುವುದನ್ನು ಕಲಿಯಲೇ ಇಲ್ಲ. ದಿನಾ ಉಳಿಯುತ್ತಿತ್ತು, ದಿನಾ ನಾನೇ ಮುಗಿಸುತ್ತಿದ್ದೆ.

ಏಪ್ರಿಲಿನಲ್ಲಿ ಮಲ್ಲಪ್ಪ ನಮ್ಮಿಬ್ಬರನ್ನೂ ಹೊಸ ಕಟ್ಟಡದ ಮೇಲೆ ಕರೆದುಕೊಂಡು ಹೋದ. ಅಲ್ಲಿಯ ಕೆಲಸಗಾರರಲ್ಲಿ ಅರ್ಧ ಜನ ಕಲಬುರಗಿ, ರಾಯಚೂರಿನವರು, ಅವನ ಪರಿಚಿತರೇ. ತಲೆಗೆ ಟೊಪ್ಪಿಗೆ ಹಾಕಿಸಿ ಒಳಬಿಟ್ಟರು. ಹಳಬರಿಗೆ ಒಂದರಿಂದ ನಾಲ್ಕರವರೆಗಿನ ಮಹಡಿಗಳು, ಮೇಲಿನವು ಬಿಲ್ಡರ್ ಮಾರಿಕೊಳ್ಳುವುದಕ್ಕೆ. ನಾಲ್ಕನೆಯ ಮಹಡಿಯಲ್ಲಿ ಇನ್ನೂ ಗಿಲಾವು ಕಾಣದ ಅಡುಗೆಮನೆಯ ಕಿಟಕಿಯಲ್ಲಿ ವಾರಿಜ ಇಣುಕಿದಳು. ದೂರದಲ್ಲಿ, ಬಿಸಿಲಿನ ಮಬ್ಬಿನ ಆಚೆ, ಮಲಂಗಗಡದ ಗುಡ್ಡಸಾಲು ನೀಲಿಯಾಗಿ ನಿಂತಿತ್ತು. ಅವಳು ಬಹಳ ಹೊತ್ತು ಕದಲಲಿಲ್ಲ. ಇಷ್ಟು ವರ್ಷ ಅಡುಗೆಮನೆಯ ಕಿಟಕಿಯಲ್ಲಿ ಪಕ್ಕದ ಕಟ್ಟಡದ ಕೊಳವೆಗಳನ್ನೇ ನೋಡಿದವಳು ಆ ಗುಡ್ಡವನ್ನು ಕಂಡ ಬಗೆಯನ್ನು ನೋಡಿ ಅವಳಿಗೆ ಇದು ಸಿಗಬೇಕು ಎಂದುಕೊಂಡೆ.

ಕೆಳಗೆ ಇಳಿಯುವಾಗ ಮಲ್ಲಪ್ಪ ಮೆಲ್ಲಗೆ ಹೇಳಿದ: "ಯಾವ ಮನಿ ಯಾರಿಗಂತ ಚೀಟಿ ಎತ್ತತಾರಂತ್ರಿ ಸರ. ಮನಿಗೊಂದು ಚೀಟಿ. ನಿಮಗ ನಾಕನೇದು ಬಂದು ನನಗ ಒಂದನೇದು ಬಂತಂದ್ರ ಆತು ನೋಡ್ರಿ, ಲಿಫ್ಟಿನ್ಯಾಗ ನಮಸ್ಕಾರ, ಲಿಫ್ಟಿನ್ಯಾಗ ಶರಣು."

ನಗುತ್ತಲೇ ಹೇಳಿದ, ಆದರೆ ಆ ರಾತ್ರಿಯಿಂದ ನನಗೆ ಚೀಟಿಯದ್ದೇ ಚಿಂತೆಯಾಯಿತು. ಈ ವಯಸ್ಸಿನಲ್ಲಿ ಹೊಸ ಮನೆ ಸಿಗುತ್ತದೆ, ಹೊಸ ನೆಲಹಾಸು ಸಿಗುತ್ತದೆ. ಇಪ್ಪತ್ತೇಳು ವರ್ಷ ಹಳೆಯ ನೆರೆ ಮತ್ತೆ ಎಲ್ಲಿಂದ ಸಿಗಬೇಕು?

ಇತ್ತ ತರಗತಿಯಲ್ಲಿ ಸೃಷ್ಟಿಯ ಡಬ್ಬಿಯನ್ನು ಕಂಡು ಉಳಿದವರೂ ಡಬ್ಬಿಗಳನ್ನು ತಂದರು. ಒಟ್ಟು ಹನ್ನೆರಡು ಮನೆಗಳಾದವು. ನನ್ನ ಕೈಯಲ್ಲಿ ಗೋಡೆಗಳು ನಿಲ್ಲದೆ ಭಾನುವಾರ ಮಲ್ಲಪ್ಪನನ್ನೇ ಸಹಾಯಕ್ಕೆ ಕರೆದೆ. ನಾನು ಅಂಟಿಸಿದ ಗೋಡೆಯೊಂದನ್ನು ಅವನು ಬೆರಳಿನಿಂದ ಮುಟ್ಟಿದ, ಅದು ಮಲಗಿತು. "ಸರ, ನೀವು ಹತ್ರ ಬಂದ್ರ ಗ್ವಾಡಿಗೇ ಅಂಜಿಕಿ ಬರ್ತೈತ್ರಿ" ಎಂದ. ಮಕ್ಕಳು ಬಿದ್ದು ಬಿದ್ದು ನಕ್ಕವು. ಅಂದಿನಿಂದ ಬಿಡುವಾದಾಗಲೆಲ್ಲ ಅವನೇ ಬಂದು ಗೋಡೆ ನಿಲ್ಲಿಸತೊಡಗಿದ; ನಾನು ಕತ್ತರಿ ಎತ್ತಿಕೊಡುವ ಕೆಲಸಕ್ಕೆ ಇಳಿದೆ, ಅಲ್ಲಿ ನನಗೆ ಸಾಕಷ್ಟು ಯಶಸ್ಸು ಸಿಕ್ಕಿತು.

ಕೊನೆಯ ವಾರ ಹನ್ನೆರಡು ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟು ಒಂದೇ ಕಟ್ಟಡ ಮಾಡುವುದೆಂದಾಯಿತು. ಯಾರ ಮನೆ ಎಲ್ಲಿ ಎಂಬ ಜಗಳ ಬಾರದಿರಲೆಂದು ನಾನು ನಿಷ್ಪಕ್ಷಪಾತದ ಮೂರ್ತಿಯಾಗಿ ಹನ್ನೆರಡು ಚೀಟಿ ಬರೆದು ಡಬ್ಬಿಯಲ್ಲಿ ಕುಲುಕಿದೆ. ಸೊಸೈಟಿಯ ಚಿಂತೆ ಅಷ್ಟರಮಟ್ಟಿಗೆ ತಲೆಗೆ ಹತ್ತಿತ್ತು. ಒಬ್ಬರೂ ಚೀಟಿ ಎತ್ತಲಿಲ್ಲ. ಸೃಷ್ಟಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಪೆಹಲೇ ಕೌನ್ ಕಿಸ್ಕೇ ಬಾಜೂ ಮೇ, ವೋ ತೋ ಪೂಛೋ ಸರ್. ನಂಬರ್ ಬಾದ್ ಮೇ."

ಮೊದಲು ಯಾರ ಪಕ್ಕ ಯಾರು, ಆಮೇಲೆ ನಂಬರು. ಹತ್ತು ನಿಮಿಷದಲ್ಲಿ ಮಕ್ಕಳು ತಾವಾಗಿಯೇ ನಾಲ್ಕು ನಾಲ್ಕರ ಮೂರು ಗುಂಪಾದವು; ನನ್ನಿಂದ ಮಹಡಿಗೊಂದರಂತೆ ಮೂರೇ ಚೀಟಿ ಬರೆಸಿ, ಪ್ರತಿ ಗುಂಪಿನಿಂದ ಒಬ್ಬರು ಬಂದು ಒಂದೊಂದೇ ಎತ್ತಿದರು. ಬಂದ ಮಹಡಿಗೆ ಗುಂಪು ಗುಂಪೇ ಹೋಗಿ ಕೂತಿತು. ಕೆಳಗಿನ ಮಹಡಿ ಬಂದವರು ಒಂದು ಕ್ಷಣ ಮುಖ ಸಣ್ಣದು ಮಾಡಿ ಮರುಕ್ಷಣ ತಮ್ಮ ಡಬ್ಬಿಗಳ ನಡುವೆ ಕಿಟಕಿ ಕೊರೆಯಲು ಕತ್ತರಿ ಕೇಳಿದರು. ಕತ್ತರಿ ಕೊಡುವುದನ್ನೂ ಮರೆತು ನಾನು ಮಲ್ಲಪ್ಪನ ಮುಖ ನೋಡಿದೆ. ಅವನು ಆಗಲೇ ನನ್ನ ಮುಖ ನೋಡುತ್ತಿದ್ದ.

ಸೊಸೈಟಿಯ ಸಭೆ ಅದೇ ವಾರದ ಭಾನುವಾರ ಬೆಳಗ್ಗೆ. ಇಪ್ಪತ್ತೇಳು ವರ್ಷಗಳಲ್ಲಿ ನಾನು ಸಭೆಯಲ್ಲಿ ಬಾಯಿ ತೆರೆದದ್ದು ಒಮ್ಮೆ ಮಾತ್ರ, ಅದೂ ನೀರಿನ ತೊಟ್ಟಿಯ ಮುಚ್ಚಳದ ವಿಷಯಕ್ಕೆ. ಅಂಥವನು ಎದ್ದು ನಿಂತು, ಮಾತು ತೊದಲುತ್ತ, ಮನೆಗೊಂದು ಚೀಟಿ ಬೇಡ, ಜೊತೆಗಿರಬೇಕೆನ್ನುವ ನಾಲ್ಕು ನಾಲ್ಕು ಮನೆಯವರು ಗುಂಪಾಗಿ ಮಹಡಿಗೊಂದು ಚೀಟಿ ಎತ್ತಲಿ ಎಂದೆ. ಎಂಟು ವರ್ಷದ ಹುಡುಗಿಯಿಂದ ಕದ್ದ ವಿಚಾರವೆಂದು ಹೇಳಲಿಲ್ಲ; ಪ್ರಾಮಾಣಿಕತೆಗೂ ಒಂದು ಮಿತಿಯಿದೆ. ಕಾರ್ಯದರ್ಶಿ ಇದಕ್ಕೆ ನಿಯಮವಿಲ್ಲ ಎಂದರು. ಆಗ ಠಾಣೆಯಿಂದ ಬಂದಿದ್ದ ಜೋಶಿ ಕಾಕು ಕೂತಲ್ಲಿಂದಲೇ, "ನಕೋ ಅಸಂ ತರೀ ಕುಠೇ ಲಿಹಿಲಂಯ್?" ಎಂದು ಕೇಳಿದರು. ಬೇಡವೆಂದಾದರೂ ಎಲ್ಲಿ ಬರೆದಿದೆ? ಕಾರ್ಯದರ್ಶಿ ಬಾಲ್ಯದಲ್ಲಿ ಅವರ ಬಳಿ ಗಣಿತಕ್ಕೆ ಪೆಟ್ಟು ತಿಂದವರು. ಠರಾವು ಪಾಸಾಯಿತು.

ಗುಂಪುಗಳಾಗುವಾಗ ಬಹಳ ತಮಾಷೆಯಾಯಿತು. ಹಳೆಯ ನೆಲಮಹಡಿಯಲ್ಲಿ ಅಕ್ಕಪಕ್ಕವಿದ್ದು ಮಾತು ಬಿಟ್ಟಿದ್ದ ಇಬ್ಬರು ಗೃಹಸ್ಥರು ಬೇರೆ ಬೇರೆ ಗುಂಪು ಹುಡುಕುತ್ತ ಸಭೆಯಿಡೀ ಸುತ್ತಿದರು. ಎಲ್ಲೂ ಜಾಗ ಸಿಗದೆ, ಕೊನೆಗೆ ಉಳಿದವರ ಗುಂಪಿನಲ್ಲಿ ಇಬ್ಬರೂ ಒಟ್ಟಿಗೇ ಬಂದು ಬಿದ್ದರು.

ನಮ್ಮ ಗುಂಪಿನ ಚೀಟಿ ಎತ್ತಲು ವಾರಿಜಳನ್ನೇ ಕಳಿಸಿದೆವು. ಗುಡ್ಡ ಅವಳಿಗೇ ಬೇಕಾಗಿತ್ತಲ್ಲ, ಅವಳ ಕೈಗೇ ಬರಲಿ ಎಂದು ಮಲ್ಲಪ್ಪ ಹೇಳಿದ್ದ. ಅವಳು ಕಣ್ಣು ಮುಚ್ಚಿ ಕೈಹಾಕಿದಳು, ಬಿಡಿಸಿದಳು, ಕಾರ್ಯದರ್ಶಿಯ ಕೈಗಿಟ್ಟಳು.

"ಪಹಿಲಾ ಮಜಲಾ" ಎಂದು ಅವರು ಓದಿದರು.

ಒಂದನೆಯ ಮಹಡಿ. ವಾಹನ ನಿಲ್ಲಿಸುವ ಜಾಗದ ನೆತ್ತಿಯ ಮೇಲೆ, ಪಕ್ಕದ ಗೋಡೆಗೆ ಮುಖ ಮಾಡಿ, ಯಾರಿಗೂ ಬೇಡದ ಮಹಡಿ. ನಾಲ್ಕನೆಯದು ಆ ಮಾತು ಬಿಟ್ಟ ಇಬ್ಬರ ಗುಂಪಿಗೆ ಹೋಯಿತು. ಇನ್ನು ಅವರಿಬ್ಬರೂ ಒಂದೇ ಗುಡ್ಡವನ್ನು ಪ್ರತ್ಯೇಕವಾಗಿ ನೋಡಬೇಕು. ವಾರಿಜ ನನ್ನ ಪಕ್ಕಕ್ಕೆ ಬಂದು ಕೂತು ಸೆರಗಿನ ತುದಿಯನ್ನು ಮಡಚುತ್ತಲೇ ಇದ್ದಳು. ನಾನು ಸಭೆಯಲ್ಲಿ ಎದ್ದು ನಿಂತದ್ದೇ ತಪ್ಪಾಯಿತೇ ಎಂದು ಹೆದರಿದೆ.

ಸಭೆ ಮುಗಿದ ಮೇಲೆ ಮಲ್ಲಪ್ಪ, "ಬರ್ರಿ ಅಕ್ಕಾರ, ಮನಿ ನೋಡಕೊಂಡು ಬರೋಣು" ಎಂದು ಬಲವಂತವಾಗಿ ಕರೆದೊಯ್ದ. ಒಂದನೆಯ ಮಹಡಿಯ ನಮ್ಮ ಅಡುಗೆಮನೆಯಲ್ಲಿ ನಿಂತು ವಾರಿಜ ಕಿಟಕಿಗೆಂದು ಬಿಟ್ಟ ಚೌಕದಲ್ಲಿ ನೋಡಿದಳು. ನಡುವೆ ಕೊಳವೆಗಳಿಗಾಗಿ ಬಿಟ್ಟ ಕಿರಿದಾದ ಸಂದು, ಆಚೆಗೆ ಅಂಥದೇ ಇನ್ನೊಂದು ಚೌಕ. ಆ ಚೌಕದಲ್ಲಿ ಮಲ್ಲಪ್ಪನ ಹೆಂಡತಿ ನೀಲವ್ವನವರ ತಲೆ ಮೂಡಿತು. ಅದು ಅವರ ಅಡುಗೆಮನೆಯಂತೆ.

"ಅಕ್ಕಾರ, ಕಾಣಸ್ತೀನ್ರಿ?" ಎಂದು ಕೇಳಿದರು.

ವಾರಿಜ ಚೌಕದ ಅಂಚಿಗೆ ಕೈಯೂರಿ, "ಕಾಣ್ತೀರಿ ಮಾರಾಯ್ರೆ. ಗುಡ್ಡ ಎಲ್ಲಿ ಹೀಗೆ ಮಾತಾಡ್ತಿತ್ತು?" ಎಂದಳು.

ಗುಡ್ಡ ತಪ್ಪಿದ ದುಃಖ ಅವಳಿಗಿಲ್ಲವೆಂದು ನಾನು ಹೇಳಲಾರೆ. ಇದೆ, ಅವಳ ದನಿಯಲ್ಲೇ ಇತ್ತು. ಆದರೆ ಅದೇ ದನಿಯಲ್ಲಿ ಎರಡು ವರ್ಷದಿಂದ ನಾನು ಕೇಳದಿದ್ದ ಇನ್ನೊಂದು ಸ್ವರವೂ ಇತ್ತು, ಅದನ್ನು ಕೇಳಿ ನನಗೆ ಕಣ್ಣು ತುಂಬಿ ಬಂತು. ನೀಲವ್ವ ಅಲ್ಲಿಂದ ಕೈ ಚಾಚಿದರು, ಇವಳು ಇಲ್ಲಿಂದ ಚಾಚಿದಳು. ಬೆರಳುಗಳ ನಡುವೆ ಒಂದು ಗೇಣು ಉಳಿಯಿತು. ಮಲ್ಲಪ್ಪ ಆ ಗೇಣನ್ನೇ ಕಣ್ಣು ಕಿರಿದು ಮಾಡಿ ಅಳೆದು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ನಮ್ಮ ಕಿಟಕಿಯ ಕೆಳಗಿನ ಹಸಿ ಗೋಡೆಯ ಮೇಲೆ ಒಂದು ಗೆರೆ ಎಳೆದ.

"ಇಲ್ಲೊಂದು ಕಡಪಾ ಕಲ್ಲು ಕೂಡಸ್ತೀನ್ರಿ," ಎಂದ, "ಬಟ್ಟಲ ಇಡಾಕ."